ಸರ್ವರ್ ಸರಿಯಾಗಿ ಎಣಿಸುತ್ತಿಲ್ಲವೇ? ಹೀಗೆ ಹುಡುಕಿ

ಹೊಸ ಸರ್ವರ್ ಬಂದು ವಾರ ಆಗಿತ್ತು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಆಫೀಸು. ತಿಂಗಳ ಕೊನೆಯ ಬಿಲ್ಲಿಂಗ್ ರಿಪೋರ್ಟಿಗೆ ಹಳೆ ಮಷಿನ್ 40 ನಿಮಿಷ ತೆಗೆದುಕೊಳ್ಳುತ್ತಿತ್ತು. ಹೊಸದು 50 ತೆಗೆದುಕೊಂಡಿತು! ಸಿಪಿಯು ನೂರಕ್ಕೆ ನೂರು ಬಿಜಿ ಅಂತ ಸ್ಕ್ರೀನ್ ಹೇಳುತ್ತಿತ್ತು. ಆದರೆ ಬಿಜಿ ಅಂದ ಮಾತ್ರಕ್ಕೆ ಕೆಲಸ ಸಾಗುತ್ತಿದೆ ಅಂತಲ್ಲ. ಮೆಮೊರಿಯಿಂದ ಡೇಟಾ ಬರಲಿ ಎಂದು ಕಾಯುತ್ತ ನಿಂತ ಸಿಪಿಯು ಕೂಡ ಬಿಜಿ ಎಂದೇ ಲೆಕ್ಕ.

ಈ ಎರಡನ್ನೂ ಬಿಡಿಸಿ ತೋರಿಸುವುದು ಪ್ರೊಸೆಸರ್ ಒಳಗೇ ಇರುವ ಪರ್ಫಾರ್ಮೆನ್ಸ್ ಕೌಂಟರ್‌ಗಳು. ಎಷ್ಟು ಸೈಕಲ್ (ಪ್ರೊಸೆಸರ್ ಗಡಿಯಾರದ ಒಂದೊಂದು ಬಡಿತ) ಓಡಿತು, ಎಷ್ಟು ಇನ್‌ಸ್ಟ್ರಕ್ಷನ್ (ಪ್ರೋಗ್ರಾಂನ ಒಂದೊಂದು ಆದೇಶ) ಮುಗಿಯಿತು, ಎಷ್ಟು ಸಲ ಬೇಕಾದ ಡೇಟಾ ಕ್ಯಾಶ್‌ನಲ್ಲಿ (ಪ್ರೊಸೆಸರ್ ಒಳಗಿನ ಸಣ್ಣ, ವೇಗದ ಮೆಮೊರಿ) ಸಿಗಲಿಲ್ಲ ಎಂದು ಇವು ಎಣಿಸುತ್ತವೆ. ಹೀಗೆ ಎಣಿಸುವ ಒಂದೊಂದು ಸಂಗತಿಗೂ ‘ಇವೆಂಟ್’ ಎನ್ನುತ್ತಾರೆ. 1993ರ ಪೆಂಟಿಯಂನಲ್ಲಿ ಇಂಥವು ಎರಡೇ ಇದ್ದವು. ಲಿನಕ್ಸ್‌ನಲ್ಲಿ ಇವನ್ನು ಓದುವ ‘ಪರ್ಫ್’ ಎಂಬ ಟೂಲ್ 2009ರಿಂದ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಜೊತೆಗೇ ಬರುತ್ತಿದೆ. ‘ಪರ್ಫ್ ಸ್ಟ್ಯಾಟ್’ ಎಂದು ಬರೆದು, ಮುಂದೆ ನಿಮ್ಮ ಪ್ರೋಗ್ರಾಂ ಹೆಸರು ಕೊಟ್ಟರೆ ಸಾಕು, ಅಂಕಿಗಳು ಬರಬೇಕು.

ಬರದಿದ್ದರೆ? ಅಥವಾ ಬಂದರೂ ನಂಬುವ ಹಾಗೆ ಇಲ್ಲದಿದ್ದರೆ? ನಾವು ಎರಡು ದಿನ ಒದ್ದಾಡಿದ್ದು ಅಲ್ಲೇ.

ಉತ್ತರ ಯಾವ ಥರದ್ದು?

ಮೊದಲು ಪರ್ಫ್ ಏನು ಹೇಳುತ್ತಿದೆ ಎಂದು ಸರಿಯಾಗಿ ಓದಿ. ‘ನಾಟ್ ಸಪೋರ್ಟೆಡ್’ ಅಂದರೆ ಎಣಿಸುವವನೇ ಇಲ್ಲ. ‘ನಾಟ್ ಕೌಂಟೆಡ್’ ಅಂದರೆ ಎಣಿಸುವವನು ಇದ್ದಾನೆ, ಈ ಸಲ ಎಣಿಸಲು ಅವನಿಗೆ ಪಾಳಿ ಸಿಗಲಿಲ್ಲ. ಸೊನ್ನೆ ಅಂದರೆ ಎಣಿಸಿದ್ದಾನೆ, ಎಣಿಸಲು ಏನೂ ಇರಲಿಲ್ಲ. ಮೂರೂ ಬೇರೆ ಬೇರೆ ರೋಗ, ಔಷಧವೂ ಬೇರೆ. ಮೂರನ್ನೂ ಒಂದೇ ಎಂದು ತಿಳಿದು ‘ಕೌಂಟರ್ ಕೆಟ್ಟಿದೆ’ ಎನ್ನುವವರೇ ಜಾಸ್ತಿ. ನಾನೂ ಅವರಲ್ಲೊಬ್ಬ.

ಎಣಿಸುವವನೇ ಇಲ್ಲದಿದ್ದಾಗ

ನಮಗೆ ಸಿಕ್ಕಿದ್ದು ‘ನಾಟ್ ಸಪೋರ್ಟೆಡ್’. ಇಂಥ ಹೊತ್ತಿನಲ್ಲಿ ಬಯಾಸ್‌ಗೆ (ಮಷಿನ್ ಶುರುವಾಗುವಾಗ ಮೊದಲು ಓಡುವ, ಬೋರ್ಡ್ ಮೇಲಿನ ಸಾಫ್ಟ್‌ವೇರ್) ಕೈ ಹಾಕುವ ಮೊದಲು ‘ಡಿಮೆಸೇಜ್’ (dmesg) ಕಮಾಂಡ್ ಕೊಟ್ಟು, ಮಷಿನ್ ಶುರುವಾಗುವಾಗಿನ ಸಂದೇಶಗಳಲ್ಲಿ ‘ಪರ್ಫಾರ್ಮೆನ್ಸ್ ಇವೆಂಟ್ಸ್’ ಎಂಬ ಸಾಲು ಹುಡುಕಿ. ಪ್ರೊಸೆಸರ್ ತಲೆಮಾರಿನ ಹೆಸರು ಇದ್ದರೆ ಒಳ್ಳೆಯದು. ‘ಪಿಎಂಯು (ಅಂದರೆ ಈ ಕೌಂಟರ್‌ಗಳ ಘಟಕ) ಡ್ರೈವರ್ ಇಲ್ಲ, ಸಾಫ್ಟ್‌ವೇರ್ ಇವೆಂಟ್ ಮಾತ್ರ’ ಎಂಬ ಅರ್ಥದ ಮಾತು ಇದ್ದರೆ ನೀವು ಬಹುಶಃ ವರ್ಚುವಲ್ ಮಷಿನ್ (ಅಸಲಿ ಮಷಿನ್ ಮೇಲೆ ಸಾಫ್ಟ್‌ವೇರ್ ಕಟ್ಟಿದ ಹುಸಿ ಮಷಿನ್) ಒಳಗೆ ಕೂತಿದ್ದೀರಿ.

ನಾವು ಕೂತಿದ್ದೆವು. ಸರ್ವರ್ ಅಸಲಿ, ಆದರೆ ಬಿಲ್ಲಿಂಗ್ ಓಡುತ್ತಿದ್ದದ್ದು ಅದರ ಮೇಲೆ ಲಿನಕ್ಸ್‌ನ ಕೆವಿಎಂ ಓಡಿಸುವ ವರ್ಚುವಲ್ ಮಷಿನ್‌ನಲ್ಲಿ, ಅಂದರೆ ಗೆಸ್ಟ್‌ನಲ್ಲಿ. ಗೆಸ್ಟ್‌ಗೆ ಕೌಂಟರ್ ಕಾಣಬೇಕಾದರೆ ಹೋಸ್ಟ್ (ಕೆಳಗಿನ ಅಸಲಿ ಮಷಿನ್) ಅದನ್ನು ಬಿಟ್ಟುಕೊಡಬೇಕು. ಕೆವಿಎಂನಲ್ಲಿ ಸಿಪಿಯು ಮೋಡ್ ಅನ್ನು ‘ಹೋಸ್ಟ್ ಪಾಸ್‌ಥ್ರೂ’ ಮಾಡಿದರೆ ಸಾಮಾನ್ಯವಾಗಿ ಕೆಲಸ ಆಗುತ್ತದೆ. ವಿಎಂವೇರ್‌ನಲ್ಲಾದರೆ ಸಿಪಿಯು ಸೆಟ್ಟಿಂಗ್‌ನಲ್ಲಿ ಪರ್ಫಾರ್ಮೆನ್ಸ್ ಕೌಂಟರ್ ವರ್ಚುವಲೈಸ್ ಮಾಡುವ ಟಿಕ್ ಇದೆ. ಬಾಡಿಗೆ ಕ್ಲೌಡ್ ಆದರೆ ಅವರು ಕೊಟ್ಟಷ್ಟೇ. ನನ್ನನ್ನು ಕೇಳಿದರೆ, ಸಾಧ್ಯವಿದ್ದಲ್ಲಿ ಗೆಸ್ಟ್ ಬಿಟ್ಟು ಹೋಸ್ಟ್‌ನಲ್ಲೇ ಅಳೆಯಿರಿ. ಅರ್ಧ ತಲೆನೋವು ಅಲ್ಲೇ ಕಡಿಮೆ.

ಅದೇ ಸಂದೇಶಗಳಲ್ಲಿ ಬಯಾಸ್ ತಾನೇ ಕೌಂಟರ್ ಹಿಡಿದುಕೊಂಡಿದೆ ಎಂಬ ‘ಫರ್ಮ್‌ವೇರ್ ಬಗ್’ ದೂರು ಕಂಡರೆ, ಬಯಾಸ್‌ನಲ್ಲಿ ಪವರ್ ನಿಯಂತ್ರಣವನ್ನು ಆಪರೇಟಿಂಗ್ ಸಿಸ್ಟಂಗೆ ಬಿಟ್ಟುಕೊಟ್ಟು ನೋಡಿ. ಕರ್ನಲ್ ಅಪ್‌ಡೇಟ್ ಆಗಿ ಪರ್ಫ್ ಹಳೆಯದೇ ಉಳಿದಿದ್ದರೆ ಅದನ್ನೂ ಹೊಸದು ಮಾಡಿ.

ಅನುಮತಿ ಇದೆಯೇ?

‘ಪರ್ಫ್ ಇವೆಂಟ್ ಪ್ಯಾರನಾಯ್ಡ್’ ಎಂಬ ಕರ್ನಲ್ ಸೆಟ್ಟಿಂಗ್ ಒಂದಿದೆ. ಹೆಸರೇ ಹೇಳುವಂತೆ ಮಹಾ ಸಂಶಯದ ಪ್ರಾಣಿ. ಸಾಮಾನ್ಯವಾಗಿ 2 ಇರುತ್ತದೆ. ಆಗ ಸಾದಾ ಯೂಸರ್ ತನ್ನ ಪ್ರೋಗ್ರಾಂ ಅಳೆಯಬಹುದು, ಅದು ಕರ್ನಲ್ ಒಳಗೆ ಮಾಡಿದ ಕೆಲಸ ಲೆಕ್ಕಕ್ಕೆ ಬರುವುದಿಲ್ಲ. 1 ಮಾಡಿದರೆ ಕರ್ನಲ್ ಕೆಲಸವೂ ಸೇರುತ್ತದೆ, 0 ಮಾಡಿದರೆ ಇಡೀ ಸಿಪಿಯು ಅಳೆಯಬಹುದು. ಉಬುಂಟು ಇದನ್ನು ಇನ್ನೂ ಬಿಗಿ ಮಾಡಿ 4ಕ್ಕೆ ಇಟ್ಟಿರುತ್ತದೆ.

2ರಲ್ಲಿ ಒಂದು ಮೋಸ ಇದೆ. ಪರ್ಫ್ ಎರರ್ ಕೊಡದೆ ಸುಮ್ನೆ ಅಂಕಿ ಕೊಡುತ್ತದೆ. ಇವೆಂಟ್ ಹೆಸರಿನ ಬಾಲಕ್ಕೆ ‘:ಯು’ ಎಂದು ಅಂಟಿರುತ್ತದೆ, ಅಷ್ಟೇ. ಆ ಬಾಲ ನೋಡದವರು ಅರ್ಧ ಲೆಕ್ಕವನ್ನು ಪೂರ್ತಿ ಲೆಕ್ಕ ಎಂದು ಓದುತ್ತಾರೆ. ಡೇಟಾಬೇಸ್ ಥರ ಕರ್ನಲ್‌ನಲ್ಲೂ ಸಾಕಷ್ಟು ಹೊತ್ತು ಕಳೆಯುವ ಪ್ರೋಗ್ರಾಂ ಆದರೆ ವ್ಯತ್ಯಾಸ ದೊಡ್ಡದೇ. ಹುಡುಕಾಟ ಮುಗಿಯುವವರೆಗೆ ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿ ಓಡಿಸುವುದು ಸುಲಭ. ಮುಂದೆ ದಿನಾ ಅಳೆಯಬೇಕಾದರೆ ಕರ್ನಲ್ 5.8ರಿಂದ ‘ಕ್ಯಾಪ್ ಪರ್ಫ್‌ಮಾನ್’ ಎಂಬ ಬೇರೆ ಅನುಮತಿಯೇ ಇದೆ.

ಗುಮಾಸ್ತರು ನಾಲ್ಕು, ಗೇಟು ಎಂಟು

ಬ್ಯಾಡಗಿ ಮಾರುಕಟ್ಟೆಗೆ ಸುಗ್ಗಿಯಲ್ಲಿ ಹೋದವರಿಗೆ ಇದು ಬೇಗ ಹೊಳೆಯುತ್ತದೆ. ಮೆಣಸಿನಕಾಯಿ ಚೀಲ ಎಂಟು ಗೇಟಿನಿಂದ ಬರುತ್ತಿವೆ, ಎಣಿಸುವ ಗುಮಾಸ್ತರು ನಾಲ್ವರೇ ಎಂದುಕೊಳ್ಳಿ. ಒಬ್ಬೊಬ್ಬ ಎರಡೆರಡು ಗೇಟಿನಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ನಿಲ್ಲುತ್ತಾನೆ. ಸಂಜೆ ‘ಅರ್ಧ ಹೊತ್ತಿಗೆ 200 ಚೀಲ, ಅಂದರೆ ದಿನಕ್ಕೆ 400’ ಎಂದು ಬರೆದು ಕೊಡುತ್ತಾನೆ. ಚೀಲ ಒಂದೇ ಸಮ ಬಂದಿದ್ದರೆ ಲೆಕ್ಕ ಸರಿ. ಅವನು ಆ ಕಡೆ ಹೋದಾಗಲೇ ಈ ಗೇಟಿಗೆ ಲಾರಿ ಬಂದಿದ್ದರೆ?

ಪರ್ಫ್ ಮಾಡುವುದೂ ಇದನ್ನೇ. ನಮ್ಮದು 2017ರಲ್ಲಿ ಬಂದ ಮೊದಲ ತಲೆಮಾರಿನ ಇಂಟೆಲ್ ಜಿಯಾನ್ ಸ್ಕೇಲಬಲ್ ಪ್ರೊಸೆಸರ್. ಸೈಕಲ್, ಇನ್‌ಸ್ಟ್ರಕ್ಷನ್ ಥರದವಕ್ಕೆ ಮೀಸಲಾದ ಕೌಂಟರ್ ಮೂರು. ಬೇಕಾದ್ದಕ್ಕೆ ಹಚ್ಚಬಹುದಾದ ಕೌಂಟರ್ ಥ್ರೆಡ್‌ಗೆ ನಾಲ್ಕು. ಹೈಪರ್‌ಥ್ರೆಡಿಂಗ್ (ಒಂದು ಕೋರ್, ಅಂದರೆ ಪ್ರೊಸೆಸರ್‌ನ ಲೆಕ್ಕ ಮಾಡುವ ಒಂದು ಘಟಕ, ಎರಡು ಥ್ರೆಡ್ ಒಟ್ಟಿಗೆ ಓಡಿಸುವುದು) ಆಫ್ ಇದ್ದರೆ ಎಂಟು. ಅದಕ್ಕಿಂತ ಜಾಸ್ತಿ ಕೇಳಿದರೆ ಪಾಳಿ ಶುರು. ಸಾಲಿನ ಬಲತುದಿಯಲ್ಲಿ ಆವರಣದೊಳಗೆ ಶೇಕಡಾ ಕಾಣಿಸಿದರೆ ಅದು ಅಂದಾಜು ಲೆಕ್ಕ. 90 ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. 30 ಇದ್ದರೆ ನಂಬುವುದಿಲ್ಲ, ಇವೆಂಟ್ ಕಡಿಮೆ ಮಾಡಿ ಎರಡು ಸಲ ಓಡಿಸುತ್ತೇನೆ.

ಇನ್ನೊಬ್ಬ ಗುಮಾಸ್ತನನ್ನು ನಿಮಗೆ ಗೊತ್ತಿಲ್ಲದೆ ಬೇರೆಯವರು ಕರೆದುಕೊಂಡು ಹೋಗಿರುತ್ತಾರೆ. ಅದು ಎನ್‌ಎಂಐ ವಾಚ್‌ಡಾಗ್. ಸಿಪಿಯು ಹ್ಯಾಂಗ್ ಆಯಿತೇ ಎಂದು ಕಾಯಲು ಅದು ಒಂದು ಕೌಂಟರ್ ಹಿಡಿದುಕೊಂಡೇ ಇರುತ್ತದೆ. ‘ನಾಟ್ ಕೌಂಟೆಡ್’ ಬಂದಾಗ ಪರ್ಫ್ ಎಷ್ಟೋ ಸಲ ತಾನೇ ಇದನ್ನು ನಿಲ್ಲಿಸಿ ನೋಡಿ ಎನ್ನುತ್ತದೆ. ಕರ್ನಲ್ ಸೆಟ್ಟಿಂಗ್‌ನಲ್ಲಿ 0 ಮಾಡಿ, ಅಳೆಯಿರಿ, ಮತ್ತೆ 1 ಮಾಡಲು ಮರೆಯಬೇಡಿ. ನಾವು ಮರೆತಿದ್ದೆವು.

ಗೊತ್ತಿರುವ ತೂಕ ಇಟ್ಟು ನೋಡಿ

ತಕ್ಕಡಿ ಮೇಲೆ ಸಂಶಯ ಬಂದರೆ ಗೊತ್ತಿರುವ ಬಟ್ಟು ಇಟ್ಟು ನೋಡುತ್ತೇವಲ್ವಾ? ಸಿ ಭಾಷೆಯಲ್ಲಿ 100 ಕೋಟಿ ಸಲ ತಿರುಗುವ ಖಾಲಿ ಲೂಪ್ ಬರೆಯಿರಿ. ಕಂಪೈಲರ್ ಜಾಣತನ ಮಾಡಿ ಲೂಪನ್ನೇ ಕಿತ್ತು ಹಾಕದಂತೆ ಆಪ್ಟಿಮೈಸೇಶನ್ ಆಫ್ ಇಡಿ. ಜಿಸಿಸಿ ಕಂಪೈಲರ್ ಆದರೆ ಪ್ರತಿ ಸುತ್ತಿಗೆ ಒಂದು ಬ್ರಾಂಚ್ (ಮತ್ತೆ ಸುತ್ತಬೇಕೇ, ಮುಂದೆ ಹೋಗಬೇಕೇ ಎಂಬ ಕವಲು), ಹಾಗಾಗಿ ಬ್ರಾಂಚ್ ಲೆಕ್ಕ 100 ಕೋಟಿಗೆ ಚೂರು ಮೇಲೆ ಬರಬೇಕು. ಬಂದರೆ ಕೌಂಟರ್ ಸರಿ ಇದೆ. ನಮ್ಮದು ಬಂತು.

ಹೋಸ್ಟ್‌ನಲ್ಲಿ ರಿಪೋರ್ಟ್ ಓಡುತ್ತಿದ್ದಾಗ ಅಳೆದರೆ, ಪ್ರತಿ ಸೈಕಲ್‌ಗೆ ಅರ್ಧ ಇನ್‌ಸ್ಟ್ರಕ್ಷನ್ ಕೂಡ ಮುಗಿಯುತ್ತಿರಲಿಲ್ಲ. ಕ್ಯಾಶ್ ಮಿಸ್ ವಿಪರೀತ. ಸಂಶಯ ಮೆಮೊರಿ ಕಡೆ ತಿರುಗಿತು.

ಮೆಮೊರಿ ಕಂಟ್ರೋಲರ್‌ನ (ಪ್ರೊಸೆಸರ್‌ನಲ್ಲಿ ಮೆಮೊರಿ ಜೊತೆ ವ್ಯವಹರಿಸುವ ಭಾಗ) ಕೌಂಟರ್‌ಗಳು ಕೋರ್ ಒಳಗಿಲ್ಲ, ಹೊರಗಿವೆ. ಇವಕ್ಕೆ ‘ಅನ್‌ಕೋರ್’ ಎನ್ನುತ್ತಾರೆ. ಒಂದು ಪ್ರೋಗ್ರಾಂಗೆ ಮಾತ್ರ ಕಟ್ಟಿ ಅಳೆಯಲು ಆಗುವುದಿಲ್ಲ. ಇಡೀ ಮಷಿನ್‌ಗೇ ಹಚ್ಚಬೇಕು. ‘ಪರ್ಫ್ ಲಿಸ್ಟ್’ನಲ್ಲಿ ‘ಐಎಂಸಿ’ ಎಂದು ಹುಡುಕಿ, ಚಾನಲ್‌ಗೊಂದರಂತೆ (ಚಾನಲ್ ಅಂದರೆ ಪ್ರೊಸೆಸರ್‌ಗೂ ಮೆಮೊರಿಗೂ ನಡುವಿನ ಒಂದೊಂದು ದಾರಿ) ಕಾಣುತ್ತವೆ. ಒಂದು ಎಣಿಕೆ ಅಂದರೆ 64 ಬೈಟ್ ಸಾಗಿತು ಎಂದು ಲೆಕ್ಕ.

ನಮ್ಮ ಪ್ರೊಸೆಸರ್‌ಗೆ ಮೆಮೊರಿ ಚಾನಲ್ ಆರು. ಎರಡರಲ್ಲಿ ದೊಡ್ಡ ದೊಡ್ಡ ಅಂಕಿ, ನಾಲ್ಕರಲ್ಲಿ ಸೊನ್ನೆ.

“ಸರ, ಇವು ನಾಕೂ ಕೆಟ್ಟಾವ್ರೀ” ಎಂದ ನಮ್ಮ ಹುಡುಗ.

ನನಗೂ ಹಾಗೇ ಅನಿಸಿತ್ತು. ಆದರೆ ಅದು ‘ನಾಟ್ ಕೌಂಟೆಡ್’ ಅಲ್ಲ, ಸೊನ್ನೆ. ರಾತ್ರಿ ಎಲ್ಲರೂ ಮನೆಗೆ ಹೋದ ಮೇಲೆ ಸರ್ವರ್ ಆಫ್ ಮಾಡಿ ಮುಚ್ಚಳ ತೆಗೆದೆವು. ಕೊಟ್ಟವರು ನಾಲ್ಕು ರ‍್ಯಾಮ್ ಸ್ಟಿಕ್‌ಗಳನ್ನು ಒಂದರ ಪಕ್ಕ ಒಂದು, ಎರಡೇ ಚಾನಲ್‌ಗಳಲ್ಲಿ ತುರುಕಿದ್ದರು. ಡಿಡಿಆರ್4-2666ರಲ್ಲಿ ಒಂದು ಚಾನಲ್‌ಗೆ ಸೆಕೆಂಡಿಗೆ ಸುಮಾರು 21 ಜಿಬಿಯೇ ಮಿತಿ. ನಾಲ್ಕು ಚಾನಲ್‌ಗೆ ಸಾಲುವಷ್ಟು ಸ್ಟಿಕ್ ಇದ್ದರೂ ಎರಡರ ದಾರಿಯಷ್ಟೇ ತೆರೆದಿತ್ತು. ಬೋರ್ಡ್ ಮೇಲಿನ ಚಿತ್ರ ನೋಡಿ ನಾಲ್ಕು ಚಾನಲ್‌ಗೆ ಹಂಚಿ, ಮುಚ್ಚಳ ಹಾಕಿ, ರಿಪೋರ್ಟ್ ಮತ್ತೆ ಓಡಿಸಿ ಚಹಾಕ್ಕೆ ಹೋದೆವು. 28 ನಿಮಿಷಕ್ಕೆ ಮುಗಿದಿತ್ತು.