ಡೊಂಬಿವಲಿಯಿಂದ ಚೆರುವತ್ತೂರಿಗೆ, ಒಂದು ಬಳೆ ನೋಡಲು

2009ರ ಜುಲೈ 22ರ ಬೆಳಗ್ಗೆ ನಾನು ಸೂರತ್‌ನಲ್ಲಿದ್ದೆ. ಹಿಂದಿನ ದಿನ ಸಂಜೆ ಮುಂಬಯಿ ಸೆಂಟ್ರಲ್‌ನಿಂದ ಫ್ಲೈಯಿಂಗ್ ರಾಣಿ ಹಿಡಿದು ಹೋಗಿದ್ದೆ. ಆರು ಗಂಟೆ ದಾಟಿದ ಮೇಲೆ ಖಗ್ರಾಸ ಗ್ರಹಣ, ಮೂರು ನಿಮಿಷಕ್ಕೂ ಜಾಸ್ತಿ. ಆದರೆ ಮಳೆಗಾಲ, ಮೋಡ ಸರಿಯಲೇ ಇಲ್ಲ. ಇದ್ದಕ್ಕಿದ್ದ ಹಾಗೆ ಕತ್ತಲಾಯಿತು, ಮತ್ತೆ ಬೆಳಕಾಯಿತು. ಸೂರ್ಯ ಕಾಣಲೇ ಇಲ್ಲ. ಆ ಕತ್ತಲಿಗೆ ಮೈ ಜುಂ ಅಂದದ್ದು ನಿಜ. ಆದರೂ ವಾಪಸ್ ಬರುವಾಗ ತುಂಬಾ ಬೇಜಾರಾಗಿತ್ತು.

ಹಾಗಾಗಿ 2019ರ ಡಿಸೆಂಬರ್ 26ರ ಗ್ರಹಣದ ನಕ್ಷೆ ಸಿಕ್ಕಾಗ ನಾನು ಮೊದಲು ನೋಡಿದ್ದು ತಿಂಗಳನ್ನು. ಡಿಸೆಂಬರ್ ಅಂದರೆ ನಮ್ಮ ಕರಾವಳಿಯಲ್ಲಿ ಆಕಾಶ ತೊಳೆದಿಟ್ಟ ಹಾಗಿರುವ ಕಾಲ. ಆಮೇಲೆ ನೋಡಿದ್ದು ಜಾಗ. ಕಂಕಣ, ಅಂದರೆ ಚಂದ್ರನ ಸುತ್ತ ಸೂರ್ಯ ಬಳೆಯ ಹಾಗೆ ಉಳಿಯುವುದು, ಕಾಣುವ ಪಟ್ಟಿ ಕಾಸರಗೋಡು, ಕಣ್ಣೂರು, ವಯನಾಡು, ಕೊಡಗಿನ ದಕ್ಷಿಣದ ತುದಿ, ಕೊಯಮತ್ತೂರು ಹೀಗೆ ಹಾದುಹೋಗುತ್ತಿತ್ತು. ಕಾಸರಗೋಡಿನಲ್ಲಿ ನನ್ನ ಚಿಕ್ಕಮ್ಮನ ಮನೆ ಇದೆ. ಇನ್ನೇನು ಬೇಕು?

“ಮುಂಬಯಿಯಲ್ಲೇ ಮುಕ್ಕಾಲು ಭಾಗ ಕಾಣ್ತದಂತಲ್ಲ, ಅಷ್ಟು ದೂರ ಯಾಕೆ?” ಅಂತ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಕೇಳಿದರು. ಮುಕ್ಕಾಲು ಮುಚ್ಚಿದರೆ ಕಾಣುವುದು ಬಿದಿಗೆ ಚಂದ್ರನಂಥ ಒಂದು ಚೂರು. ಬಳೆ ಕಾಣಬೇಕಾದರೆ ಪಟ್ಟಿಯ ಒಳಗೇ ನಿಲ್ಲಬೇಕು, ಬೇರೆ ದಾರಿಯಿಲ್ಲ. ಇದನ್ನು ನಾನು ಯಾರಿಗಾದರೂ ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಟಿಕೆಟಿನದ್ದೇ ದೊಡ್ಡ ಚಿಂತೆ. ಕ್ರಿಸ್ಮಸ್ ವಾರದಲ್ಲಿ ಕೊಂಕಣ ರೈಲ್ವೆ ಅಂದರೆ ಅರ್ಧ ಮುಂಬಯಿ ಗೋವಾಕ್ಕೆ ಹೊರಟಿರುತ್ತದೆ. ಆಗ 120 ದಿನ ಮೊದಲು ಬುಕಿಂಗ್ ತೆರೆಯುತ್ತಿತ್ತು. ಆ ದಿನ ಬೆಳಗ್ಗೆ ಎಂಟಕ್ಕೇ ಕೂತು ಮತ್ಸ್ಯಗಂಧದಲ್ಲಿ 24ರಂದು ಠಾಣೆಯಿಂದ ಎರಡು ಬರ್ತ್ ಹಿಡಿದೆ, ನನಗೆ ಮತ್ತು ಮಗಳಿಗೆ.

ಮಂಗಳೂರಿನಲ್ಲೇ ಉಳಿಯಬಹುದಿತ್ತು. ಅಲ್ಲಿಯೂ ಕಂಕಣ ಇತ್ತು. ಆದರೆ ಅದು ಪಟ್ಟಿಯ ಉತ್ತರದ ಅಂಚಿಗೆ ಹತ್ತಿರ. ಅಂಚಿನ ಕಡೆ ಉಂಗುರ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು. ಸಮಯವೂ ಕಡಿಮೆ. ಕಾಸರಗೋಡಿನಿಂದ ಇನ್ನೂ ಸುಮಾರು 40 ಕಿ.ಮೀ. ತೆಂಕಕ್ಕೆ ಹೋದರೆ ಚೆರುವತ್ತೂರು, ಬಹುತೇಕ ನಡುಗೆರೆಯ ಮೇಲೆ. ಅಲ್ಲಿ ಕಂಕಣ ಮೂರು ನಿಮಿಷಕ್ಕೂ ಜಾಸ್ತಿ.

ಗ್ರಹಣದ ಕನ್ನಡಕ ಮುಂಬಯಿಯಲ್ಲೇ ತಗೊಂಡಿದ್ದೆ. ಮನೆಯೊಳಗೆ ಹಾಕಿಕೊಂಡು ಟ್ಯೂಬ್‌ಲೈಟ್ ನೋಡಿದೆವು. ಏನೂ ಕಾಣಬಾರದು, ಕಾಣಲಿಲ್ಲ. ಗೀರು, ತೂತು ಇದ್ದರೆ ಎಸೆಯಬೇಕು. ಎಕ್ಸ್‌ರೇ ಫಿಲ್ಮು, ಕೂಲಿಂಗ್ ಗ್ಲಾಸು ಬೇಡವೇ ಬೇಡ. ಇನ್ನೊಂದು ಮಾತು ಮಗಳಿಗೆ ಹತ್ತು ಸಲ ಹೇಳಿದ್ದೆ. ಖಗ್ರಾಸದಲ್ಲಿ ಸೂರ್ಯ ಪೂರ್ತಿ ಮುಚ್ಚಿದ ಆ ಕೆಲವು ನಿಮಿಷ ಬರಿಗಣ್ಣಿನಲ್ಲಿ ನೋಡಬಹುದು. ಕಂಕಣದಲ್ಲಿ ಒಂದು ಕ್ಷಣವೂ ಕನ್ನಡಕ ತೆಗೆಯುವ ಹಾಗಿಲ್ಲ.

ಒಂದು ಪುಟ್ಟ ಕನ್ನಡಿಯನ್ನೂ ಒಯ್ದಿದ್ದೆ. ಅದಕ್ಕೆ ಕಪ್ಪು ಕಾಗದ ಅಂಟಿಸಿ, ನಡುವೆ ಬಟಾಣಿ ಕಾಳಿನಷ್ಟು ತೂತು ಮಾಡಿದ್ದೆ. ಬಿಸಿಲಿಗೆ ಹಿಡಿದು ಹತ್ತು ಹನ್ನೆರಡು ಮೀಟರ್ ದೂರದ ನೆರಳಿನ ಗೋಡೆಗೆ ಬೆಳಕು ಬಿಟ್ಟರೆ ಅಂಗೈ ಅಗಲದ ಸೂರ್ಯ ಮೂಡುತ್ತಾನೆ. ದೂರ ಹೆಚ್ಚಾದಷ್ಟು ಬಿಂಬ ದೊಡ್ಡದು.

25ರ ರಾತ್ರಿ ಚಿಕ್ಕಮ್ಮ ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆ ಇಟ್ಟರು. ಬನ್ಸ್ ಮಾಡಿ ಡಬ್ಬಿಗೆ ತುಂಬಿದರು. “ಮಗುವಿಗೆ ಹಸಿವಾಗ್ತದೆ, ನೀವು ತಿನ್ನಿ. ನಾನು ಗ್ರಹಣ ಬಿಟ್ಟ ಮೇಲೆಯೇ. ಹೊರಗೆ ಬರ್ಲಿಕ್ಕೆ ಮಾತ್ರ ನನಗೆ ಹೇಳ್ಬೇಡ ಮಾರಾಯ” ಅಂದರು. ನಾನು ಒತ್ತಾಯ ಮಾಡಲಿಲ್ಲ.

ಬೆಳಗ್ಗೆ ಏಳಕ್ಕೆಲ್ಲ ಚೆರುವತ್ತೂರಿನಲ್ಲಿದ್ದೆವು. ಒಂದು ಚೂರು ಮೋಡವಿಲ್ಲ. ಎಂಟೂ ಐದರ ಸುಮಾರಿಗೆ ಸೂರ್ಯನ ಅಂಚು ಮುಕ್ಕಾಯಿತು. ನಮ್ಮ ಗೋಡೆಯ ಸೂರ್ಯನನ್ನು ನೋಡಲು ಅಕ್ಕಪಕ್ಕದ ಮಕ್ಕಳು ಬಂದು ನಿಂತರು. ಅವರದು ಮಲಯಾಳ, ಮಗಳದು ಕನ್ನಡ, ಮರಾಠಿ. ಆದರೂ ಕನ್ನಡಿ ಹಿಡಿಯುವ ಸರದಿ ಅವರೇ ಹಂಚಿಕೊಂಡರು.

ಒಂಬತ್ತರ ನಂತರ ಬಿಸಿಲಿನ ಬಣ್ಣವೇ ಬದಲಾಯಿತು. ಸಂಜೆಯ ಹಾಗೆ ಕೆಂಪಲ್ಲ, ನೀರು ಬೆರೆಸಿದ ಹಾಲಿನ ಹಾಗೆ. ಮೈಗೆ ತಂಪು ತಾಗಿತು. ಒಂಬತ್ತೂ ಇಪ್ಪತ್ತೈದರ ಹೊತ್ತಿಗೆ ಆ ಚೂರಿನ ಎರಡು ತುದಿಗಳು ಬೆಳೆದು ಬೆಳೆದು ಕೂಡಿಕೊಂಡವು. ಬಳೆ! ಚಂದ್ರ ಭೂಮಿಯಿಂದ ದೂರವಿದ್ದ, ಹಾಗಾಗಿ ಸೂರ್ಯನನ್ನು ಪೂರ್ತಿ ಮುಚ್ಚುವಷ್ಟು ದೊಡ್ಡದಾಗಿ ಕಾಣಲಿಲ್ಲ. ಸುತ್ತಲೂ ಒಂದೇ ದಪ್ಪದ ಉಂಗುರ. ಮಗಳು ಮಾತೇ ಆಡಲಿಲ್ಲ, ನನ್ನ ಅಂಗಿಯ ತುದಿ ಗಟ್ಟಿ ಹಿಡಿದುಕೊಂಡಿದ್ದಳು. ನನ್ನ ಕಣ್ಣು ಕನ್ನಡಕದೊಳಗೆ ಒದ್ದೆಯಾಯಿತು. ಹತ್ತು ವರ್ಷ ಕಾದಿದ್ದೆನಲ್ಲ.

ಗ್ರಹಣ ಬಿಟ್ಟ ಮೇಲೆ ಹೊರಟು ಮನೆ ತಲುಪಿದಾಗ ಚಿಕ್ಕಮ್ಮ ಸ್ನಾನ ಮುಗಿಸಿ ಗಂಜಿಗೆ ಇಟ್ಟಿದ್ದರು. “ಇಲ್ಲಿ ಬಾ” ಅಂತ ಮಗಳನ್ನು ಚಾವಡಿಗೆ ಕರೆದರು. ಕೆಂಪು ನೆಲದ ಮೇಲೆ ಸುಣ್ಣದ ಗೀಟು. ಹೆಂಚಿನ ಸಂದಿಯಿಂದ ಬಿದ್ದ ಬೆಳಕಿನ ಚುಕ್ಕೆ ಒಂಬತ್ತೂವರೆಯ ಆಚೀಚೆ ಉಂಗುರವಾಗಿದೆ. ಚಿಕ್ಕಮ್ಮ ಎಲೆಯಡಿಕೆಯ ಸುಣ್ಣದ ಡಬ್ಬಿಗೆ ಬೆರಳದ್ದಿ, ಅದು ಜರುಗುವ ಮೊದಲೇ ಸುತ್ತ ಗೆರೆ ಎಳೆದಿದ್ದಾರೆ.

ಮಗಳು ಕೈಯಿಂದ ಒಂದು ಗಾಜಿನ ಬಳೆ ತೆಗೆದು ಅದರ ಮೇಲೆ ಇಟ್ಟಳು. ಅಗಲಕ್ಕೆ ಸರಿಯಾಗಿ ಕೂತಿತು. ಉದ್ದಕ್ಕೆ ಗೆರೆ ಬಳೆಗಿಂತ ತುಂಬಾ ಆಚೆ ಹೋಗಿತ್ತು, ಬಿಸಿಲು ಓರೆಯಾಗಿ ಬಿದ್ದಿತ್ತಲ್ಲ.