ಮೊದಲು ಜನ, ಆಮೇಲೆ ಶೋ

ನಮ್ಮ ಮೊದಲ ಸಿನಿಮಾ ಬಿಡುಗಡೆಯಾದ ಶುಕ್ರವಾರ, ಬೆಂಗಳೂರಿನ ಒಂದು ಮಲ್ಟಿಪ್ಲೆಕ್ಸಿನ ಬೆಳಗಿನ ಶೋಗೆ ಒಂಬತ್ತು ಜನ ಬಂದಿದ್ದರು. ಅದರಲ್ಲಿ ಐದು ಜನ ನಮ್ಮ ತಂಡದವರ ಮನೆಯವರೇ. ಸೋಮವಾರದ ಹೊತ್ತಿಗೆ ಶೋ ತೆಗೆದರು. ತುಂಬಾ ಸಂಕಟವಾಯಿತು.

ಪ್ರಚಾರದ ದುಡ್ಡೆಲ್ಲ ಪೋಸ್ಟರ್, ಟ್ರೇಲರ್‌ಗೆ ಹೋಗಿತ್ತು. ಟ್ರೇಲರ್ ನೋಡಿ ಜನ ಚೆನ್ನಾಗಿದೆ ಅಂದಿದ್ದರು ನಿಜ, ಆದರೆ ಕೆಲಸದ ದಿನ ಬೆಳಿಗ್ಗೆ ಟ್ರಾಫಿಕ್ಕಿನಲ್ಲಿ ಬಂದು ಗುರುತಿಲ್ಲದ ನಟರ ಸಿನಿಮಾ ಯಾರು ನೋಡುತ್ತಾರೆ? ಸ್ಟಾರ್ ಸಿನಿಮಾಗೆ ಮೊದಲ ದಿನವೇ ಜನ ನುಗ್ಗುತ್ತಾರೆ. ನಮ್ಮದು ಹಾಗಲ್ಲ, ನೋಡಿದವರು ಹೇಳಬೇಕು, ಕೇಳಿದವರು ಮನಸ್ಸು ಮಾಡಬೇಕು, ಅಷ್ಟರಲ್ಲಿ ಥಿಯೇಟರಿನಲ್ಲಿ ಸಿನಿಮಾನೇ ಇರುವುದಿಲ್ಲ.

ಎರಡನೇ ಸಿನಿಮಾಗೆ ಉಲ್ಟಾ ಮಾಡಿದೆವು. ಮೊದಲು ಜನರನ್ನು ಹುಡುಕೋಣ ಅಂತ. ಇದು ಹೊಸದೇನಲ್ಲ. ಹೆಗ್ಗೋಡಿನ ನೀನಾಸಮ್‌ನವರು 1973ರಲ್ಲೇ ಚಿತ್ರಸಮಾಜ, ಅಂದರೆ ಒಟ್ಟಿಗೆ ಕೂತು ಸಿನಿಮಾ ನೋಡುವವರ ಕೂಟ, ಶುರು ಮಾಡಿದ್ದರು, ಅದೂ ಒಂದು ಹಳ್ಳಿಯಲ್ಲಿ. 2013ರ 'ಲೂಸಿಯಾ'ಗೆ ಜನರೇ ದುಡ್ಡು ಹಾಕಿದ್ದರು, ಹಾಗಾಗಿ ಬಿಡುಗಡೆಗೆ ಮೊದಲೇ ಅದು ಅವರ ಸಿನಿಮಾ ಆಗಿತ್ತು ಅಲ್ವಾ?

ನಮ್ಮ ಕಥೆ ಅಡಿಕೆ ಕೊನೆ, ಅಂದರೆ ಗೊನೆ, ಕೊಯ್ಯುವ ಒಬ್ಬನದು. ಹಾಗಾಗಿ ಕೊಯ್ಲಿನ ಕಾಲದಲ್ಲಿ ಶಿರಸಿ ಕಡೆ ಹೋದೆವು. ಸಂಜೆ ಮೇಲೆ ಅಡಿಕೆ ಸುಲಿಯುವ ಮನೆಗಳಲ್ಲಿ ಹತ್ತು ಹದಿನೈದು ಜನ ಮೆಟ್ಟುಗತ್ತಿ ಹಾಕಿಕೊಂಡು ಕೂತಿರುತ್ತಾರೆ. ಕೈ ಅದರ ಪಾಡಿಗೆ ಓಡುತ್ತಿರುತ್ತದೆ, ಮಾತಿಗೆ ಪುರುಸೊತ್ತು ಇರುತ್ತದೆ. ಅವರೆದುರು ಲ್ಯಾಪ್‌ಟಾಪ್ ಇಟ್ಟು ಹತ್ತು ನಿಮಿಷದ ತುಣುಕು ಹಾಕಿದೆವು. ಒಬ್ಬ ಹೆಂಗಸು ಸುಲಿಯುವುದು ನಿಲ್ಲಿಸಿ, "ತಮ್ಮಾ, ಕೊನೆ ಇಳಿಸುವಾಗ ಹಗ್ಗ ಅಷ್ಟು ಸಡಿಲ ಬಿಡ್ತಾರಾ? ಅಡಿಕೆ ಎಲ್ಲ ಉದುರಿ ಹೋಗ್ತದೆ" ಅಂದರು. ಅವರು ಹೇಳಿದ್ದು ಸರಿ. ಸಿನಿಮಾ ಇನ್ನೂ ಸೆನ್ಸಾರ್‌ಗೆ ಹೋಗಿರಲಿಲ್ಲ, ಆ ಶಾಟ್ ಮತ್ತೆ ತೆಗೆದೆವು. ಸರ್ಟಿಫಿಕೇಟ್ ಬಂದ ಮೇಲೆ ಇಂಥ ಬದಲಾವಣೆಗೂ ಮತ್ತೆ ಅರ್ಜಿ ಹಾಕಬೇಕು, ಆದ್ದರಿಂದ ಜನರಿಗೆ ತೋರಿಸುವುದಿದ್ದರೆ ಮೊದಲೇ ತೋರಿಸಿ.

ಹೋದ ಮನೆಯಲ್ಲೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಫೋನ್ ನಂಬರ್ ಬರೆದುಕೊಂಡೆವು. ಮೆಸೇಜ್ ಹಾಕಿ ಸುಮ್ನೆ ಕೂರಲಿಲ್ಲ, ಒಬ್ಬೊಬ್ಬರಿಗೂ ಫೋನ್ ಮಾಡಿದೆವು. ಇದು ಬೇಜಾರಿನ ಕೆಲಸ, ದಿನಕ್ಕೆ ನಲವತ್ತು ಫೋನ್ ಮಾಡಿದರೆ ಗಂಟಲು ಕಟ್ಟುತ್ತದೆ. ಆದರೆ ಜಾಸ್ತಿ ಜನ ಬಂದಿದ್ದು ಇದರಿಂದಲೇ. ಟಿಕೆಟ್ ಮಾತ್ರ ಫ್ರೀ ಕೊಡಲಿಲ್ಲ. ದುಡ್ಡು ಕೊಟ್ಟವರು ಮಳೆ ಬಂದರೂ ಬರುತ್ತಾರೆ, ಫ್ರೀ ಪಾಸಿನವರು ಬರುತ್ತಾರೆ ಅಂತ ನಂಬುವ ಹಾಗಿಲ್ಲ.

ಕೊಯ್ಲು ಮುಗಿದ ಮೇಲೆ, ಮಾರ್ಚ್‌ನಲ್ಲಿ, ಪೇಟೆಯ ಥಿಯೇಟರಿನವರ ಹತ್ತಿರ ಒಂದೇ ಒಂದು ಭಾನುವಾರದ ಸಂಜೆ ಶೋ ಕೇಳಿದೆವು. 180 ಟಿಕೆಟ್ ಮೊದಲೇ ಮಾರಿ ದುಡ್ಡು ಅವರ ಕೈಗೆ ಕೊಟ್ಟಿದ್ದೆವು. ಹಗ್ಗದ ತಪ್ಪು ಹಿಡಿದವರು ಹನ್ನೊಂದು ಜನರನ್ನು ಕರೆದುಕೊಂಡು ಬಂದಿದ್ದರು. ಆ ಶಾಟ್ ಬಂದಾಗ ಪಕ್ಕದವರಿಗೆ "ಇದು ನಾ ಹೇಳಿದ್ದು" ಅಂದಿದ್ದು ಎರಡು ಸಾಲು ಹಿಂದೆ ಕೂತಿದ್ದ ನನಗೂ ಕೇಳಿಸಿತು. ಮುಂದಿನ ಭಾನುವಾರದ ಶೋವನ್ನು ಥಿಯೇಟರಿನವರೇ ಕೇಳಿ ಹಾಕಿಕೊಂಡರು.