ಅಂಕಿಯೇ ಇಲ್ಲದ ಸುಡೊಕು: ಎಲ್ಲಿಂದ ಆರಂಭಿಸಬೇಕು?

ಆಷಾಢದ ಮಳೆ ಹಿಡಿದಿದ್ದ ಒಂದು ಸಂಜೆ, ಹೊಸನಗರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ವೇರಿಯಂಟ್ ಸುಡೊಕುಗಳ, ಅಂದರೆ ಮಾಮೂಲಿ ನಿಯಮಗಳ ಜೊತೆಗೆ ಬೇರೆ ನಿಯಮಗಳನ್ನೂ ಸೇರಿಸಿದ ಸುಡೊಕುಗಳ, ಸಂಕಲನವೊಂದನ್ನು ತಿರುವಿಹಾಕುತ್ತಿದ್ದ ಅಕ್ಕನ ಮಗ, "ಮಾವ, ಇದ್ರಲ್ಲಿ ಒಂದೂ ನಂಬರ್ ಕೊಟ್ಟಿಲ್ವಲ್ಲ, ಪ್ರಿಂಟ್ ತಪ್ಪಾಗಿದ್ಯಾ?" ಎಂದು ಕೇಳಿದ. ತಪ್ಪಾಗಿರಲಿಲ್ಲ. ಪತ್ರಿಕೆಯಲ್ಲಿ ದಿನವೂ ಬರುವ ಸುಡೊಕುವಿಗೆ ಒಂದೇ ಉತ್ತರ ಇರಬೇಕಾದರೆ ಕನಿಷ್ಠ 17 ಅಂಕಿಗಳನ್ನಾದರೂ ಮೊದಲೇ ಕೊಟ್ಟಿರಬೇಕು ಎಂಬುದನ್ನು 2012ರಲ್ಲಿ ಗಣಿತಜ್ಞ ಗ್ಯಾರಿ ಮೆಕ್‌ಗೈರ್ ಅವರ ತಂಡ ಕಂಪ್ಯೂಟರ್ ನೆರವಿನಿಂದ ತೋರಿಸಿಕೊಟ್ಟಿದೆ. ವೇರಿಯಂಟ್ ಸುಡೊಕುವಿಗೆ ಈ ಮಿತಿ ಇಲ್ಲ, ಏಕೆಂದರೆ ಅಲ್ಲಿ ಹೆಚ್ಚುವರಿ ನಿಯಮವೇ ಸುಳಿವು. 2020ರಲ್ಲಿ ಮಿಚೆಲ್ ಲೀ ರಚಿಸಿದ ಒಂದು ಒಗಟಿನಲ್ಲಿ ಕೊಟ್ಟಿದ್ದದ್ದು 1 ಮತ್ತು 2 ಎಂಬ ಎರಡೇ ಅಂಕಿ. ಚೆಸ್ಸಿನ ಕುದುರೆ ಮತ್ತು ರಾಜನ ನಡೆಯಷ್ಟು ದೂರದಲ್ಲಿ ಒಂದೇ ಅಂಕಿ ಬರಬಾರದು, ಪಕ್ಕಪಕ್ಕದ ಮನೆಗಳಲ್ಲಿ ಅನುಕ್ರಮದ ಅಂಕಿಗಳಿರಬಾರದು ಎಂಬ ನಿಯಮಗಳೇ ಉಳಿದ 79 ಮನೆಗಳನ್ನೂ ತುಂಬಿಸುತ್ತವೆ.

ಆದ್ದರಿಂದ ಪೆನ್ಸಿಲ್ ಹಿಡಿಯುವ ಮೊದಲು ನಿಯಮವನ್ನು ಎರಡು ಸಲ ಓದಬೇಕು. ಇದನ್ನು ನಾನು ಪೆಟ್ಟು ತಿಂದು ಕಲಿತಿದ್ದೇನೆ. ಕ್ರಾಪ್ಕಿ ಎಂಬ ಬಗೆಯಲ್ಲಿ ಎರಡು ಮನೆಗಳ ನಡುವೆ ಬಿಳಿ ಚುಕ್ಕೆಯಿದ್ದರೆ ಅವು ಅನುಕ್ರಮದ ಅಂಕಿಗಳು, ಕಪ್ಪು ಚುಕ್ಕೆಯಿದ್ದರೆ ಒಂದು ಇನ್ನೊಂದರ ಎರಡರಷ್ಟು. ಅಂಥ ಒಂದು ಒಗಟಿನ ಕೆಳಗೆ "ಸಾಧ್ಯವಿರುವ ಎಲ್ಲ ಚುಕ್ಕೆಗಳನ್ನೂ ಕೊಡಲಾಗಿದೆ" ಎಂಬ ಸಾಲಿತ್ತು. ಚುಕ್ಕೆ ಇಲ್ಲದಿರುವುದೂ ಒಂದು ಸುಳಿವು ಎಂಬುದು ಅದರ ಅರ್ಥ. ಆ ಸಾಲನ್ನು ನೋಡದೆ ನಾನು ಎರಡು ಸಂಜೆಗಳನ್ನು ಕಳೆದುಕೊಂಡೆ.

ಸಂಕಲನವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಡಿಸುತ್ತ ಹೋಗುವುದನ್ನು ನಾನು ಒಪ್ಪುವುದಿಲ್ಲ. ಅಡಿಕೆ ಆರಿಸುವಾಗ ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆ ಮಾಡುವ ಹಾಗೆ ಒಗಟುಗಳನ್ನು ನಿಯಮದ ಪ್ರಕಾರ ವಿಂಗಡಿಸಿಕೊಂಡು, ಒಂದು ಬಗೆಯ ನಾಲ್ಕೈದನ್ನು ಒಟ್ಟಿಗೆ ಬಿಡಿಸಿದರೆ ಆ ನಿಯಮದ ಬಿಗಿ ಎಲ್ಲಿದೆ ಎಂಬುದು ಕೈಗೆ ಹತ್ತುತ್ತದೆ.

ಕಿಲ್ಲರ್ ಸುಡೊಕುವಿನಿಂದ ಆರಂಭಿಸುವುದು ಒಳ್ಳೆಯದು. ಚುಕ್ಕಿಗೆರೆಯೊಳಗಿನ ಮನೆಗಳ ಗುಂಪಿಗೆ ಕೇಜ್ ಎಂದು ಹೆಸರು. ಅದರ ಮೂಲೆಯಲ್ಲಿರುವುದು ಒಳಗಿನ ಅಂಕಿಗಳ ಮೊತ್ತ, ಒಳಗೆ ಯಾವ ಅಂಕಿಯೂ ಮರುಕಳಿಸಬಾರದು. ಎರಡು ಮನೆಗಳ ಕೇಜಿನಲ್ಲಿ 3, 4, 16, 17 ಎಂಬ ಮೊತ್ತಗಳಿಗೆ, ಮೂರು ಮನೆಗಳದ್ದರಲ್ಲಿ 6, 7, 23, 24 ಎಂಬ ಮೊತ್ತಗಳಿಗೆ ಒಂದೊಂದೇ ಜೋಡಣೆ ಇರುವುದರಿಂದ ಮೊದಲು ಅವನ್ನು ಹುಡುಕಬೇಕು. ಆಮೇಲೆ ಬರುವುದು 45ರ ಲೆಕ್ಕ: 1ರಿಂದ 9ರವರೆಗಿನ ಮೊತ್ತ 45 ಆದ್ದರಿಂದ ಪ್ರತಿ ಅಡ್ಡಸಾಲು, ಕಂಬಸಾಲು, 3×3 ಮನೆಗಳ ಪೆಟ್ಟಿಗೆಯ ಮೊತ್ತವೂ ಅಷ್ಟೇ.

ಒಂದು ಪೆಟ್ಟಿಗೆಯನ್ನೇ ಹತ್ತಿರದಿಂದ ನೋಡೋಣ. ಅದರೊಳಗೆ ಎರಡು ಮನೆಗಳ 17, ಮೂರು ಮನೆಗಳ 7, ಎರಡು ಮನೆಗಳ 10 ಎಂಬ ಮೂರು ಕೇಜ್‌ಗಳು ಪೂರ್ತಿಯಾಗಿ ಕುಳಿತಿವೆ. ಮೂರು ಮನೆಗಳ 19ರ ಕೇಜ್ ಮಾತ್ರ ಎರಡು ಮನೆಗಳನ್ನು ಒಳಗಿಟ್ಟು ಒಂದನ್ನು ಪಕ್ಕದ ಪೆಟ್ಟಿಗೆಗೆ ಚಾಚಿದೆ. ಪೂರ್ತಿ ಒಳಗಿರುವ ಕೇಜ್‌ಗಳ ಮೊತ್ತ 34. 45ಕ್ಕೆ ಉಳಿಯುವುದು 11. ಹಾಗಾದರೆ ಹೊರಗೆ ಚಾಚಿದ ಮನೆಯಲ್ಲಿರುವುದು 19ರಲ್ಲಿ 11 ಕಳೆದರೆ ಸಿಗುವ 8. ಇಷ್ಟಕ್ಕೇ ನಿಲ್ಲುವುದಿಲ್ಲ. 17 ಎಂದರೆ 8 ಮತ್ತು 9, 7 ಎಂದರೆ 1, 2 ಮತ್ತು 4. ಉಳಿದ 3, 5, 6, 7ರಲ್ಲಿ 10 ಆಗುವುದು 3 ಮತ್ತು 7 ಸೇರಿದಾಗ ಮಾತ್ರ, ಹೀಗಾಗಿ ಚಾಚಿದ ಕೇಜಿನ ಒಳಗಿನ ಎರಡು ಮನೆಗಳಲ್ಲಿರುವುದು 5 ಮತ್ತು 6. ಕೊಟ್ಟ ಅಂಕಿ ಒಂದೂ ಇಲ್ಲದೆ ಇಷ್ಟು ಸಿಕ್ಕಿತು.

ಕಂಡದ್ದನ್ನು ಬರೆದಿಡುವುದಕ್ಕೂ ಒಂದು ಕ್ರಮ ಬೇಕು. ಒಂದು ಅಂಕಿ ಪೆಟ್ಟಿಗೆಯ ಯಾವ ಯಾವ ಮನೆಗಳಲ್ಲಿ ಕೂರಬಹುದು ಎಂಬುದನ್ನು ಆ ಮನೆಗಳ ಮೂಲೆಯಲ್ಲಿಯೂ, ಒಂದು ಮನೆಗೆ ಯಾವ ಯಾವ ಅಂಕಿಗಳು ಬರಬಹುದು ಎಂಬುದನ್ನು ಅದರ ನಡುವೆಯೂ ಸಣ್ಣದಾಗಿ ಬರೆಯಿರಿ. ನಮ್ಮ ಕಡೆ ಮಳೆಗಾಲದಲ್ಲಿ ಕಾಗದ ಥಂಡಿ ಹಿಡಿದು ಮೆತ್ತಗಾಗುತ್ತದೆ, ಎರಡು ಸಲ ರಬ್ಬರ್ ಉಜ್ಜಿದರೆ ಹರಿದೇಹೋಗುತ್ತದೆ. ಪುಟವನ್ನು ದೊಡ್ಡದಾಗಿ ಝೆರಾಕ್ಸ್ ಮಾಡಿಸಿಕೊಂಡು ಪೆನ್ಸಿಲನ್ನು ಹಗುರವಾಗಿ ಓಡಿಸುವುದೇ ಮೇಲು.

ಗೆರೆಗಳಿರುವ ಒಗಟುಗಳಲ್ಲಿ ಅಸಾಧ್ಯವಾದದ್ದನ್ನು ಮೊದಲು ತೆಗೆದುಹಾಕಬೇಕು. ಥರ್ಮೋ ಎಂದರೆ ಥರ್ಮಾಮೀಟರಿನ ಆಕಾರದ ಗೆರೆ, ಅದರಲ್ಲಿ ದುಂಡನೆಯ ಬುರುಡೆಯಿಂದ ತುದಿಯವರೆಗೆ ಅಂಕಿಗಳು ಏರುತ್ತ ಹೋಗುತ್ತವೆ. ಆರು ಮನೆಗಳ ಥರ್ಮೋ ಆದರೆ ಬುರುಡೆಯಲ್ಲಿ 4ಕ್ಕಿಂತ ದೊಡ್ಡದು, ತುದಿಯಲ್ಲಿ 6ಕ್ಕಿಂತ ಸಣ್ಣದು ಬರಲಾರದು. ಜರ್ಮನ್ ವಿಸ್ಪರ್ಸ್ ಗೆರೆಯಲ್ಲಿ ಅಕ್ಕಪಕ್ಕದ ಅಂಕಿಗಳ ವ್ಯತ್ಯಾಸ ಕನಿಷ್ಠ 5 ಇರಬೇಕಾದ್ದರಿಂದ 5 ಅಲ್ಲಿಗೆ ಬರುವಂತೆಯೇ ಇಲ್ಲ, 4ರ ಪಕ್ಕ 9 ಮಾತ್ರ, 6ರ ಪಕ್ಕ 1 ಮಾತ್ರ. ಕ್ರಾಪ್ಕಿಯಲ್ಲಿ ಒಂದೇ ಸಾಲಿನ ಮೂರು ಮನೆಗಳನ್ನು ಎರಡು ಕಪ್ಪು ಚುಕ್ಕೆಗಳು ಜೋಡಿಸಿದ್ದರೆ ಅಲ್ಲಿರುವುದು 1, 2, 4 ಅಥವಾ 2, 4, 8. ಯಾವುದೇ ಆಗಲಿ, ಆ ಸಾಲಿನ 2 ಮತ್ತು 4 ಅಲ್ಲಿಯೇ ಮುಗಿದವು.

ಇವೆಲ್ಲ ಸೋತ ಮೇಲೂ ಒಂದು ದಾರಿ ಇದೆ, ಅದರ ಸೊಗಸಿಗೆ ನಾನು ಇಂದಿಗೂ ಬೆರಗಾಗುತ್ತೇನೆ. 3 ಮತ್ತು 7ನೆಯ ಅಡ್ಡಸಾಲುಗಳನ್ನೂ, ನಡುವಣ ಪೆಟ್ಟಿಗೆಯ ಎಡಬಲದ ಎರಡು ಪೆಟ್ಟಿಗೆಗಳನ್ನೂ ಒಂದು ಬಣ್ಣದಿಂದ ತುಂಬಿರಿ. 1, 2, 8, 9ನೆಯ ಕಂಬಸಾಲುಗಳನ್ನು ಇನ್ನೊಂದು ಬಣ್ಣದಿಂದ ತುಂಬಿರಿ. ಎರಡೂ ಕಡೆ 1ರಿಂದ 9ರವರೆಗಿನ ಅಂಕಿಗಳು ನಾಲ್ಕು ನಾಲ್ಕು ಸಲ ಇವೆ. ಎರಡೂ ಬಣ್ಣ ಬಿದ್ದ ಮನೆಗಳನ್ನು ಬಿಟ್ಟುಬಿಟ್ಟರೆ ಒಂದು ಕಡೆ ನಡುವಣ ಪೆಟ್ಟಿಗೆಯನ್ನು ಸುತ್ತುವರಿದ 16 ಮನೆಗಳ ಉಂಗುರ, ಇನ್ನೊಂದು ಕಡೆ ನಾಲ್ಕು ಮೂಲೆಗಳಲ್ಲಿ ನಾಲ್ಕು ನಾಲ್ಕರಂತೆ 16 ಮನೆಗಳು ಉಳಿಯುತ್ತವೆ. ಸಮವಾದ ಎರಡರಿಂದ ಒಂದೇ ಮನೆಗಳನ್ನು ತೆಗೆದದ್ದರಿಂದ ಉಂಗುರದಲ್ಲಿರುವ ಅಂಕಿಗಳೇ ಮೂಲೆಗಳಲ್ಲಿಯೂ ಇರಬೇಕು. ಫಿಸ್ಟೊಮೆಫೆಲ್ ಉಂಗುರ ಎಂದು ಹೆಸರಾದ ಇದು ಮಾಮೂಲಿ 3×3 ಪೆಟ್ಟಿಗೆಗಳಿರುವ ಯಾವ ಸುಡೊಕುವಿಗೂ ಅನ್ವಯಿಸುತ್ತದೆ. ಉಂಗುರದಲ್ಲೋ ಮೂಲೆಗಳಲ್ಲೋ ಸುಳಿವುಗಳು ದಟ್ಟವಾಗಿದ್ದರೆ ಇದನ್ನು ಪರೀಕ್ಷಿಸದೆ ಬಿಡಬೇಡಿ.

ಊಹಿಸಿ ಅಂಕಿ ಬರೆಯುವುದನ್ನು ಮಾತ್ರ ಮಾಡಬಾರದು. ಊಹೆ ತಪ್ಪಾಗಿದ್ದು ಮೂವತ್ತು ಮನೆಗಳ ನಂತರ ಗೊತ್ತಾದರೆ, ಯಾವ ಅಂಕಿ ತರ್ಕದಿಂದ ಬಂದದ್ದು, ಯಾವುದು ಊಹೆಯಿಂದ ಬಂದದ್ದು ಎಂದು ಬೇರೆ ಮಾಡುವುದು ಕಷ್ಟ. ಸಿಕ್ಕಿಬಿದ್ದರೆ ಪುಟ ಮಡಚಿಟ್ಟು ಮರುದಿನ ನಿಯಮವನ್ನು ಮತ್ತೆ ಓದಿ.

ಎರಡು ಮೂರು ನಿಯಮಗಳು ಒಂದೇ ಒಗಟಿನಲ್ಲಿ ಬೆರೆತವನ್ನು ಕೊನೆಗಿಟ್ಟುಕೊಳ್ಳಿ. ಅಲ್ಲಿ ಹುಡುಕಬೇಕಾದದ್ದು ನಿಯಮಗಳು ಒಂದರ ಮೇಲೊಂದು ಬೀಳುವ ಜಾಗವನ್ನು. ಅಕ್ಕನ ಮಗ ಹಿಡಿದಿದ್ದ ಖಾಲಿ ಒಗಟಿನಲ್ಲಿ ಒಂದು ಥರ್ಮೋದ ಮೊದಲ ಮೂರು ಮನೆಗಳ ಮೇಲೆಯೇ 7ರ ಕೇಜ್ ಕುಳಿತಿತ್ತು. 7 ಎಂದರೆ 1, 2, 4. ಬುರುಡೆಯಿಂದ ಏರಬೇಕಾದ್ದರಿಂದ ಅವುಗಳ ಕ್ರಮವೂ ಒಂದೇ. ಬೆರಳಿಟ್ಟು ತೋರಿಸಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನೆ ನೋಡಿ, ಮೂರೂ ಅಂಕಿಗಳನ್ನು ಒತ್ತಿ ಬರೆದ.